ಹಳೇ ಗುಹೆಗಳ ಕಲ್ಲು ನೆಲದ ಮೇಲಿನ ಮೊದಲ ಜೀವಕ್ಕೆ ಸಾಕ್ಷಿ ಹೇಗೆ? ಗದಗಿನ ಕಪ್ಪತಗುಡ್ಡದಲ್ಲಿ ಸಿಕ್ಕೀತೇ?

ಸುಣ್ಣಕಲ್ಲು, ಅದರಂಥದ್ದೇ ಮೆಗ್ನೀಸಿಯಂ ಇರುವ ಡೋಲೊಮೈಟ್ ಕಲ್ಲು ಹೆಚ್ಚಾಗಿ ಸಮುದ್ರದಲ್ಲಿ ಆದವು. ಅವುಗಳಲ್ಲಿ ಗವಿ ಕೊರೆಯುವುದು ಸಾಮಾನ್ಯವಾಗಿ ನೆಲದಿಂದ ಇಳಿದ ಮಳೆನೀರು. ಹಾಗಾಗಿ ಆ ಪೊಳ್ಳಿನಲ್ಲೇ ಬೆಳೆದು ಕಲ್ಲಾದದ್ದು ನೆಲದ ಜೀವಿ ಎನ್ನಲು ಆಧಾರವಿದೆ. ಚೀನಾದ ಗುಯಿಝೌನಲ್ಲಿ ಇಂಥ ಪೊಳ್ಳುಗಳಲ್ಲೇ ಸುಮಾರು 63.5 ಕೋಟಿ ವರ್ಷದ ಹಿಂದಿನ, ಶಿಲೀಂಧ್ರದಂಥ ಎಳೆಗಳು ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಆಗಿ ಉಳಿದದ್ದು 2021ರಲ್ಲಿ ವರದಿಯಾಯಿತು. ಶಿಲೀಂಧ್ರವೇ ಎಂದು ಪಟ್ಟು ಹಿಡಿಯುವಂತಿಲ್ಲ.

ಮೋಸ ಹೋಗುವುದು ಬಿರುಕಿನಲ್ಲಿ. ಇಂದಿನ ಬೂಷ್ಟೂ ಹಳೇ ಕಲ್ಲಿಗೆ ಇಳಿಯುತ್ತದೆ! ಅದಕ್ಕೇ ಕಲ್ಲನ್ನು 0.03 ಮಿ.ಮೀ. ದಪ್ಪಕ್ಕೆ ಸವೆಸಿ, ಎಳೆ ಪೊಳ್ಳು ತುಂಬಿದ ಸಿಲಿಕಾ (ಬೆಣಚುಕಲ್ಲಿನ ವಸ್ತು) ಪದರದೊಳಗೇ ಹೂತಿದೆಯೋ ಬಿರುಕಿನಗುಂಟ ಹಬ್ಬಿದೆಯೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಕಪ್ಪತಗುಡ್ಡದ್ದು 250 ಕೋಟಿ ವರ್ಷಕ್ಕೂ ಹಳೆಯ ರೂಪಾಂತರ ಶಿಲೆ. ಅಷ್ಟು ಕಾವು, ಒತ್ತಡ ತಿಂದ ಕಲ್ಲಿನಲ್ಲಿ ಇಂಥ ನವಿರು ಎಳೆ ಉಳಿಯುವುದು ಕಷ್ಟ. ಗವಿಗಳಂತೂ ಕಲ್ಲಿಗಿಂತ ಎಷ್ಟೋ ಈಚಿನವು. ಹುಡುಕುವುದಾದರೆ ಅಷ್ಟು ಕಾವು ತಿನ್ನದ, ಬಾಗಲಕೋಟೆ ಕಡೆಯ ಕಲಾದಗಿ ಡೋಲೊಮೈಟ್ ವಾಸಿ.