ಜನರೇ ಕೂಡಿ ಕೇರಿ ಕಟ್ಟಿಕೊಂಡರೆ ಕಪ್ಪು–ಬಿಳಿ ಆಸ್ತಿ ಅಂತರ ಕಡಿಮೆ ಆಗುತ್ತಾ?

ನೀವು ಕೇಳಿದ್ದು ಇಷ್ಟು: ಅಮೆರಿಕದ ನಗರಗಳಲ್ಲಿ ಕಪ್ಪು ಜನರ ಕೇರಿಗಳನ್ನು ಅಲ್ಲಿನವರೇ ಮುಂದೆ ನಿಂತು ಮತ್ತೆ ಕಟ್ಟಿದರೆ, ಬಿಳಿಯರಿಗೂ ಅವರಿಗೂ ಇರುವ ಆಸ್ತಿಯ ಅಂತರ ಕಡಿಮೆಯಾಗುತ್ತಾ, ಅಥವಾ ಇದು ಸುಮ್ನೆ ಕೇಳೋಕೆ ಚೆಂದದ ಮಾತಾ?

ಅಂತರ ಕಡಿಮೆಯಾಗುವುದು ತೀರಾ ಸ್ವಲ್ಪ. ಆದರೆ ಇದ್ದ ಜನ ಇದ್ದಲ್ಲೇ ಉಳಿಯುತ್ತಾರೆ. ನಾನು ಬಾಸ್ಟನ್‌ನಲ್ಲಿ ಇರುವುದರಿಂದ ಇಲ್ಲಿನ ಡಡ್ಲಿ ಬೀದಿಯ ಕಥೆಯನ್ನೇ ಹೇಳುತ್ತೇನೆ. ಬೇರೆ ಊರಿನದು ಓದಿ ಗೊತ್ತು, ಇದು ನೋಡಿ ಗೊತ್ತು.

ಮೊದಲು ಅಂತರ ಎಷ್ಟು ಅಂತ ನೋಡಿ. ಬಾಸ್ಟನ್‌ನ ಫೆಡರಲ್ ರಿಸರ್ವ್ ಬ್ಯಾಂಕ್ 2015ರಲ್ಲಿ ಒಂದು ವರದಿ ತಂದಿತು. ಊರು ಮತ್ತು ಸುತ್ತಲಿನ ಮನೆಗಳನ್ನು, ಬಿಳಿಯರದು ಒಂದು ಸಾಲು, ಕಪ್ಪು ಜನರದು ಇನ್ನೊಂದು ಸಾಲು ಅಂತ ಆಸ್ತಿಯ ಲೆಕ್ಕದಲ್ಲಿ ನಿಲ್ಲಿಸಿ, ಒಂದೊಂದು ಸಾಲಿನ ನಟ್ಟನಡುವೆ ನಿಂತ ಮನೆಯನ್ನು ನೋಡಿದರು. ಆಸ್ತಿಯಲ್ಲಿ ಸಾಲ ಕಳೆದರೆ ಬಿಳಿಯರ ಮನೆಯಲ್ಲಿ ಉಳಿದದ್ದು 2,47,500 ಡಾಲರ್. ಅಮೆರಿಕದಲ್ಲೇ ಹುಟ್ಟಿದ ಕಪ್ಪು ಜನರ ಮನೆಯಲ್ಲಿ 8 ಡಾಲರ್. ಎಂಟು ಸಾವಿರ ಅಲ್ಲ, ಎಂಟು. ಅಚ್ಚಿನ ತಪ್ಪು ಇರಬೇಕು ಅಂದುಕೊಂಡವರೇ ಜಾಸ್ತಿ.

ಇದು ಯಾರೋ ದುಂದುಗಾರರಾಗಿ ಆದದ್ದಲ್ಲ. 1930ರ ದಶಕದಲ್ಲಿ ಸರ್ಕಾರದ ಸಂಸ್ಥೆಯೇ ನಗರಗಳ ನಕ್ಷೆ ಮಾಡಿ ಕಪ್ಪು ಜನರ ಕೇರಿಗಳಿಗೆ ಕೆಂಪು ಬಳಿಯಿತು. ಇಲ್ಲಿ ಸಾಲ ಕೊಟ್ಟರೆ ಅಪಾಯ ಅಂತ ಅರ್ಥ. 1934ರಲ್ಲಿ ಶುರುವಾದ ಸರ್ಕಾರಿ ಗ್ಯಾರಂಟಿಯ ಗೃಹಸಾಲ ಹೆಚ್ಚುಕಡಿಮೆ ಎಲ್ಲಾ ಬಿಳಿಯರಿಗೇ ಹೋಯಿತು. ಅವರು ಊರಾಚೆ ಮನೆ ಕಟ್ಟಿದರು, ಬೆಲೆ ಏರಿತು, ಮಕ್ಕಳು ಅದರ ಮೇಲೆ ಕಾಲೇಜು ಓದಿದರು. ಇಲ್ಲಿ ಆಸ್ತಿ ಅಂದರೆ ಮನೆ. ನಮ್ಮೂರಲ್ಲಿ ಒಂದು ಸೈಟು ಒಂದು ತಲೆಮಾರನ್ನು ಎತ್ತಿ ನಿಲ್ಲಿಸುವುದಿಲ್ವಾ, ಹಾಗೆ.

ಡಡ್ಲಿ ಬೀದಿ ಇರುವ ರಾಕ್ಸ್‌ಬರಿಗೆ ಆ ಸಾಲ ಬರಲಿಲ್ಲ. 70ರ ದಶಕದಲ್ಲಿ ಅಲ್ಲಿ ಮನೆಗೆ ಮನೆ ಉರಿಯುತ್ತಿತ್ತು. ಇನ್ಶೂರೆನ್ಸ್ ದುಡ್ಡಿಗೆ ಮಾಲೀಕರೇ ಬೆಂಕಿ ಇಡಿಸಿದ್ದೂ ಉಂಟು. 80ರ ದಶಕದ ಹೊತ್ತಿಗೆ ಸುಮಾರು 1,300 ಖಾಲಿ ಸೈಟುಗಳು. ಹೊರಗಿನವರು ಲಾರಿಯಲ್ಲಿ ಕಸ ತಂದು, ಕೆಟ್ಟ ಫ್ರಿಜ್, ಕೊಳೆತ ಮಾಂಸ ಸಮೇತ ಅಲ್ಲಿ ಸುರಿದು ಹೋಗುತ್ತಿದ್ದರು.

1984ರಲ್ಲಿ ದೊಡ್ಡ ದತ್ತಿಸಂಸ್ಥೆಯೊಂದು ನೆರವಿಗೆ ಬಂತು. ಒಂದು ಸಂಘದ ರೂಪುರೇಷೆ ಸಿದ್ಧವಾಯಿತು. ಮುಂದಿನ ವರ್ಷ ಚರ್ಚ್‌ನಲ್ಲಿ ಜನರನ್ನು ಸೇರಿಸಿ ಅದನ್ನು ಓದಿ ಹೇಳಿದರು. 23 ಜನರ ಸಮಿತಿ, ಅದರಲ್ಲಿ ಕೇರಿಯವರಿಗೆ 4 ಸ್ಥಾನ. ಜನ ಎದ್ದು ನಿಂತು, ಅಲ್ಲಿ ಕೂತಿರುವ ನಿಮ್ಮಲ್ಲಿ ಈ ಕೇರಿಯಲ್ಲಿ ವಾಸ ಇರುವವರು ಎಷ್ಟು ಮಂದಿ ಅಂತ ಕೇಳಿಬಿಟ್ಟರು. ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟದ ಜಾಗ ಇದು. ದತ್ತಿಸಂಸ್ಥೆಯವರನ್ನೂ ಮೆಚ್ಚಬೇಕು, ಮುನಿಸಿಕೊಂಡು ಎದ್ದು ಹೋಗಲಿಲ್ಲ. ಸಮಿತಿಯನ್ನೇ ಬದಲಿಸಿದರು. ಕೇರಿಯವರದೇ ಬಹುಮತ, ಕಪ್ಪು, ಲ್ಯಾಟಿನೋ, ಕೇಪ್ ವರ್ಡ್ (ಆಫ್ರಿಕಾ ಪಕ್ಕದ ದ್ವೀಪ ದೇಶ) ಮೂಲದವರು, ಬಿಳಿಯರು ನಾಲ್ವರಿಗೂ ಸಮಪಾಲು. ಡಡ್ಲಿ ಸ್ಟ್ರೀಟ್ ನೇಬರ್‌ಹುಡ್ ಇನಿಷಿಯೇಟಿವ್ ಅಂತ ಹೆಸರು.

ಮೊದಲ ಜಗಳ ಕಸದ್ದು. "ನಮ್ಮ ಮೇಲೆ ಸುರಿಯಬೇಡಿ" ಅಂತ 1986ರಲ್ಲಿ ಚಳವಳಿ ಹೂಡಿ, ಕಾನೂನು ಮೀರಿ ನಡೆಯುತ್ತಿದ್ದ ಕಸದ ಕೇಂದ್ರಗಳಿಗೆ ಬೀಗ ಹಾಕಿಸಿದರು.

ಆಮೇಲೆ ಬಂದದ್ದು ಅಸಲು ವಿಷಯ. ಸೈಟುಗಳಲ್ಲಿ ಅರ್ಧ ನಗರಸಭೆಯದು, ಅರ್ಧ ಎಲ್ಲೆಲ್ಲೋ ಇರುವ, ತೆರಿಗೆ ಕಟ್ಟದ ಮಾಲೀಕರದು. ಇಲ್ಲೊಂದು ಅಲ್ಲೊಂದು ತುಣುಕು ಹಿಡಿದು ಮನೆ ಕಟ್ಟೋಕೆ ಆಗಲ್ಲ. ಆಗ ಅವರು ಕೇಳಿದ್ದು ಭೂಸ್ವಾಧೀನದ ಅಧಿಕಾರವನ್ನೇ! ನಮ್ಮ ಕಡೆ ಭೂಸ್ವಾಧೀನ ಅಂದರೆ ಕೆಐಎಡಿಬಿ ನೋಟಿಸು, ರೈತರ ಧರಣಿ. ಇಲ್ಲೂ ಆ ಅಧಿಕಾರದಿಂದ ಹೆಚ್ಚು ಮನೆ ಕಳೆದುಕೊಂಡವರು ಕಪ್ಪು ಜನರೇ, ಹೆದ್ದಾರಿಗೆ ಅಂತ, ನಗರ ನವೀಕರಣಕ್ಕೆ ಅಂತ. ಅದೇ ಕತ್ತಿಯನ್ನು ಹಿಡಿ ಕಡೆಯಿಂದ ಕೊಡಿ ಅಂದರು ಇವರು. 1988ರಲ್ಲಿ ಸಿಕ್ಕಿತು. ಅಮೆರಿಕದಲ್ಲಿ ಒಂದು ಕೇರಿಯ ಸಂಘಕ್ಕೆ ಈ ಅಧಿಕಾರ ಸಿಕ್ಕಿದ್ದು ಅದೇ ಮೊದಲು. ಜನ ವಾಸವಿದ್ದ ಮನೆ ಮುಟ್ಟುವಂತಿಲ್ಲ, ಖಾಲಿ ಜಾಗ ಮಾತ್ರ. ಪರಿಹಾರ ಕೊಡೋಕೆ ಫೋರ್ಡ್ ಫೌಂಡೇಶನ್ 20 ಲಕ್ಷ ಡಾಲರ್ ಸಾಲ ಕೊಟ್ಟಿತು.

ಆ ಜಾಗವನ್ನು ಜನರಿಗೆ ಹಂಚಿ ಕೈ ತೊಳೆದುಕೊಳ್ಳಲಿಲ್ಲ. ನೆಲ ಸಂಘದವರೇ ಕಟ್ಟಿದ ಭೂ ಟ್ರಸ್ಟಿನ ಹೆಸರಲ್ಲಿ, ಮನೆ ನಿಮ್ಮ ಹೆಸರಲ್ಲಿ. ನೆಲಕ್ಕೆ 99 ವರ್ಷದ ಲೀಸ್. (ಬೆಂಗಳೂರಿನಲ್ಲಿ ಐದು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಹಿಡಿಯುವ ಲೀಸ್ ಅಲ್ಲ ಮತ್ತೆ.) ಮನೆ ಮಕ್ಕಳಿಗೆ ಬಿಟ್ಟು ಹೋಗಬಹುದು, ಮಾರಬಹುದು. ಆದರೆ ಮುಂದೆ ಕೊಳ್ಳುವವರ ಕೈಗೂ ಎಟುಕಲಿ ಅಂತ ಮಾರುವ ಬೆಲೆಗೆ ಮಿತಿ ಇದೆ. ಸಹಕಾರಿ ಮನೆ, ಬಾಡಿಗೆ ಮನೆಗಳೂ ಸೇರಿ ಟ್ರಸ್ಟಿನ ನೆಲದ ಮೇಲೆ 225ಕ್ಕೂ ಹೆಚ್ಚು ಮನೆಗಳಾಗಿವೆ.

ನಿಮ್ಮ ಪ್ರಶ್ನೆ ಕಚ್ಚುವುದು ಈ ಮಿತಿ ಅನ್ನುವ ಕಡೆ. ಪ್ರತಿ ಚಳಿಗಾಲ ನಾನು ಒಂದು ಲೈಬ್ರರಿಯಲ್ಲಿ ಪುಕ್ಕಟೆ ಟ್ಯಾಕ್ಸ್ ಫಾರಂ ತುಂಬಿಕೊಡೋಕೆ ಕೂರುತ್ತೇನೆ. ಒಂದು ವರ್ಷ ಕೇಪ್ ವರ್ಡ್ ಮೂಲದ ಅಜ್ಜಿಯೊಬ್ಬರು ಮಗನ ಜೊತೆ ಬಂದರು. ಅಕ್ಕಿ ಚೀಲದಷ್ಟು ಗಟ್ಟಿಯಾದ ಬ್ಯಾಗಿನ ತುಂಬಾ ಕಾಗದ, ಎಲ್ಲಕ್ಕೂ ರಬ್ಬರ್ ಬ್ಯಾಂಡು. ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಆ ನೆಲದ ಲೀಸ್. ಅದು ಟ್ಯಾಕ್ಸಿಗೆ ಬೇಡ ಅಂದೆ. ಇರಲಿ, ನೋಡು ಅಂದರು.

ಮಗನಿಗೆ ಸಿಟ್ಟು. "ನಾಲ್ಕು ಬೀದಿ ಆಚೆ ಇದೇ ಥರದ ಮನೆ ಮಾರಿದವರು ಲಕ್ಷಗಟ್ಟಲೆ ಎಣಿಸಿಕೊಂಡರು. ಅಮ್ಮನಿಗೆ ಸಿಗುವುದು ಚಿಲ್ಲರೆ. ಬಿಳಿಯರಿಗೆ ಮಿತಿ ಇರಲಿಲ್ಲವಲ್ಲ, ನಮಗೆ ಯಾಕೆ?" ಅಂದ. ಅಜ್ಜಿ ಅವರ ಭಾಷೆಯಲ್ಲಿ ಏನೋ ಗದರಿದರು. ಅವನೇ ನಗುತ್ತಾ ಹೇಳಿದ: "ಮಾರಿದವರು ಈಗ ಎಲ್ಲಿದ್ದಾರೆ ಕೇಳು ಅಂತಾಳೆ." ಮಾರಿದವರು ಎರಡು ಊರು ದಾಟಿ ಬಾಡಿಗೆಗೆ ಇದ್ದರು.

ಇಬ್ಬರದೂ ಸರಿ ಅಂತ ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಮಿತಿ ಹಾಕಿದ ಮನೆಯಿಂದ 8 ಡಾಲರ್ 2,47,500 ಆಗಲ್ಲ. ಅಷ್ಟು ದೊಡ್ಡ ಹಳ್ಳ ತೋಡಿದ್ದು ದೇಶದ ಸರ್ಕಾರ. ಅದನ್ನು 225 ಮನೆಯ ಮಣ್ಣು ಮುಚ್ಚೀತಾ? ಆದರೆ 2008ರ ಕುಸಿತ ನೆನಪಿಸಿಕೊಳ್ಳಿ. ಕಪ್ಪು ಜನರ ಕೇರಿಗಳಲ್ಲೇ ಹುಡುಕಿ ಹುಡುಕಿ ದುಬಾರಿ ಸಾಲ ಅಂಟಿಸಿದ್ದರು, ಮನೆಗಳು ಸಾಲುಸಾಲಾಗಿ ಜಪ್ತಿಯಾದವು. ಟ್ರಸ್ಟಿನ ನೆಲದ ಮೇಲಿನ ಮನೆಗಳಲ್ಲಿ ಕಳೆದುಕೊಂಡವರು ಬೆರಳೆಣಿಕೆ. ಟ್ರಸ್ಟನ್ನು ಕೇಳದೆ ಮನೆಯ ಮೇಲೆ ಹೊಸ ಸಾಲ ಎತ್ತುವಂತಿಲ್ಲ, ಕಂತು ತಪ್ಪಿದರೆ ಬ್ಯಾಂಕಿಗಿಂತ ಮೊದಲು ಅವರು ಬಾಗಿಲು ತಟ್ಟುತ್ತಾರೆ. ನಾನಾಗಿದ್ದರೆ ಮಗನಿಗೆ ಹೇಳುತ್ತಿದ್ದೆ: ನಿನ್ನ ಸಿಟ್ಟು ಟ್ರಸ್ಟಿನ ಮೇಲೆ ಬೇಡ, ವಾಷಿಂಗ್ಟನ್ ಮೇಲೆ ಇರಲಿ. ಹೇಳಲಿಲ್ಲ, ಹಿಂದೆ ಕ್ಯೂ ಇತ್ತು.

ಒಂದು ಮಾತು, ನಮ್ಮ ಕಡೆಯವರಿಗೆ ಅಂತ. ಇಂಥ ಭೂ ಟ್ರಸ್ಟುಗಳಲ್ಲಿ ಅಮೆರಿಕದ ಮೊದಲನೆಯದು 1969ರಲ್ಲಿ ಜಾರ್ಜಿಯಾದಲ್ಲಿ ಶುರುವಾದ ನ್ಯೂ ಕಮ್ಯುನಿಟೀಸ್. ಮತ ಹಾಕೋಕೆ ಹೋದದ್ದಕ್ಕೆ ಗೇಣಿ ನೆಲದಿಂದ ಎಬ್ಬಿಸಿದ ಕಪ್ಪು ರೈತರಿಗಾಗಿ ಚಾರ್ಲ್ಸ್ ಶೆರಾಡ್ ಮತ್ತು ಗೆಳೆಯರು ಕಟ್ಟಿದ್ದು. ಅವರು ನೋಡಿ ಕಲಿತದ್ದರಲ್ಲಿ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. ನೆಲ ಊರಿನದು, ಉಳುವುದು ಮನೆಯವರದು ಅನ್ನುವ ಆ ಲೆಕ್ಕ. 1957ರಲ್ಲಿ ನೆಹರೂ ಸಮೇತ ಎಲ್ಲಾ ಪಕ್ಷದವರು ಗ್ರಾಮದಾನದ ಬಗ್ಗೆ ಸಭೆ ಸೇರಿದ್ದು ಮೈಸೂರು ಪಕ್ಕದ ಇಲವಾಲದಲ್ಲಿ. ಈಗ ಅಲ್ಲಿ ಸೈಟಿನ ರೇಟು ಕೇಳಿ ನೋಡಿ.

ಬಾಸ್ಟನ್‌ಗೆ ಬಂದರೆ ನೂಬಿಯನ್ ಸ್ಕ್ವೇರ್‌ನಿಂದ 15ನೇ ನಂಬರ್ ಬಸ್ ಹತ್ತಿ, ಡಡ್ಲಿ ಬೀದಿ ಮೇಲೇ ಹೋಗುತ್ತದೆ. ಬೇಸಿಗೆಯಾದರೆ ಒಳ್ಳೇದು. ಒಂದು ಕಾಲದಲ್ಲಿ ಗಾಡಿ ರಿಪೇರಿ ಗ್ಯಾರೇಜು ಇದ್ದ ಜಾಗದಲ್ಲಿ ಈಗ ದೊಡ್ಡ ಗಾಜಿನ ಮನೆ ಇದೆ, ಒಳಗೆ ಟೊಮೆಟೊ ಬೆಳೆಯುತ್ತಾರೆ.