ಪ್ರತಿಕ್ರಿಯೆ: ಜೇಡ್ ಗಿಡದ ಎಲೆಗಳ ಮೇಲಿನ ಕಂದು ಕಲೆ

ಮಾನ್ಯರೇ, ಮಳೆಗಾಲವಿಡೀ ಪಡಸಾಲೆಯಲ್ಲಿದ್ದ ಮೂರು ಅಡಿ ಎತ್ತರದ ಜೇಡ್ ಗಿಡವನ್ನು ದಾವಣಗೆರೆಯ ನಿಮ್ಮ ಮನೆಯ ತಾರಸಿಗೆ ಸಾಗಿಸಿದ ವಾರದೊಳಗೆ ಎಲೆಗಳಲ್ಲಿ ಕಂದು ಕಲೆ ಮೂಡಿದೆ, ಇದು ರೋಗವೇ ಎಂದು ಕೇಳಿದ್ದೀರಿ. ಕಲೆ ಒಣಗಿ ಗಟ್ಟಿಯಾಗಿದ್ದು, ಬಿಸಿಲು ಬೀಳುವ ಬದಿಯಲ್ಲಷ್ಟೇ ಇದ್ದರೆ ಅದು ಬಹುಮಟ್ಟಿಗೆ ರೋಗವಲ್ಲ, ಬಿಸಿಲಿನ ಸುಟ್ಟಗಾಯ. ನೆರಳಿಗೆ ಒಗ್ಗಿದ ಎಲೆ ನೇರ ಬಿಸಿಲನ್ನು ಒಮ್ಮೆಲೇ ತಾಳಲಾರದು. ಆ ಕಲೆಗಳು ಮಾಯುವುದಿಲ್ಲವಾದರೂ ಹೊಸ ಎಲೆಗಳು ಚೆನ್ನಾಗಿಯೇ ಬರುತ್ತವೆ. ಎಲೆಯ ಅಂಚು ಕೆಂಪಾಗುವುದು ಬೇರೆ ಸಂಗತಿ, ಅದಕ್ಕೆ ಚಿಂತೆ ಬೇಡ.

ಕುಂಡವನ್ನು ಈಗ ಬೆಳಗಿನ ಎಳೆಬಿಸಿಲು ಮಾತ್ರ ತಾಗುವ ಕಡೆ ಇಟ್ಟು, ಎರಡು ವಾರಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬಿಸಿಲಿನ ಅವಧಿಯನ್ನು ಹೆಚ್ಚಿಸಿರಿ. ದಕ್ಷಿಣ ಆಫ್ರಿಕಾ ಮೂಲದ ಈ ಗಿಡ ಎಲೆ, ಕಾಂಡಗಳಲ್ಲೇ ನೀರನ್ನು ಕೂಡಿಟ್ಟುಕೊಳ್ಳುವುದರಿಂದ ನಮ್ಮ ಬಯಲುಸೀಮೆಯಲ್ಲಿ ಅದಕ್ಕೆ ಚಳಿಗಿಂತ ಬಿಡದೆ ಸುರಿಯುವ ಮಳೆಯೇ ಹೆಚ್ಚು ಅಪಾಯ. ಮಳೆಗಾಲದಲ್ಲಿ ಒಳಗೆ ತಂದದ್ದು ಸರಿಯಾಗಿಯೇ ಇದೆ. ಒಳಗಿರುವಾಗ ಮಾತ್ರ ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರುಣಿಸಿರಿ.

ಸಾಗಿಸುವ ಮುನ್ನ ಒಂದು ವಾರ ನೀರು ಹಾಕದಿದ್ದರೆ ಕುಂಡ ಹಗುರವಾಗುತ್ತದೆ. ಕಾಂಡ ಹಿಡಿದು ಎತ್ತಬೇಡಿರಿ. ಚಿತ್ರದುರ್ಗದ ನಮ್ಮ ಮನೆಯಲ್ಲಿ ನಾನು ಹಾಗೆಯೇ ಎತ್ತಿ ಮುರಿದ ಕೊಂಬೆ ಈಗ ಬೇರೊಂದು ಕುಂಡದಲ್ಲಿ ಬೇರು ಬಿಟ್ಟಿದೆ.