ಕ್ಯಾನಿಗೆ ಸುರಿಯುವ ಮೊದಲು ಮನೆಗೆ ಒಂದು ಲೀಟರ್

ಪ್ರಶ್ನೆ: ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಎರಡು ಸೀಮೆ ಹಸು ಇವೆ, ಹಾಲು ಹೆಚ್ಚುಕಮ್ಮಿ ಪೂರ್ತಿ ಡೇರಿಗೇ ಹೋಗುತ್ತದೆ. ಮನೆಯಲ್ಲಿ 9 ತಿಂಗಳ ಮಗ, ಆರನೇ ಕ್ಲಾಸಿನ ಮಗಳು, 66 ವರ್ಷದ ಅತ್ತೆ ಇದ್ದಾರೆ. ಮಗುವಿಗೆ ಹಸುವಿನ ಹಾಲು ಕುಡಿಸಬಹುದಾ? ಅತ್ತೆಗೆ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಮೊಸರು ತಿಂದರೆ ಮಂಡಿನೋವು ಜಾಸ್ತಿ ಅಂತ ಅದನ್ನೂ ಬಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಅತ್ತೆಯವರ ವಿಷಯ. ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆ ಇದೆ. ಅದನ್ನು ಅರಗಿಸುವ ಶಕ್ತಿ ದೊಡ್ಡವರಾದ ಮೇಲೆ ಬಹಳ ಜನರಿಗೆ ಕಮ್ಮಿಯಾಗುತ್ತದೆ. ಅರಗದೆ ಉಳಿದದ್ದು ದೊಡ್ಡ ಕರುಳಿನಲ್ಲಿ ಹುಳಿತು ಗ್ಯಾಸ್ ಆಗುತ್ತದೆ. ಮೊಸರಿನ ಕಥೆ ಬೇರೆ. ರಾತ್ರಿ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಬ್ಯಾಕ್ಟೀರಿಯಾಗಳು ಆ ಸಕ್ಕರೆಯ ಒಂದು ಪಾಲನ್ನು ತಿಂದು ಹುಳಿ ಮಾಡಿರುತ್ತವೆ. ಹೊಟ್ಟೆಗೆ ಹೋದ ಮೇಲೂ ಉಳಿದದ್ದನ್ನು ಅರಗಿಸಲು ನೆರವಾಗುತ್ತವೆ. ಅದಕ್ಕೇ ಹಾಲು ಆಗದ ಎಷ್ಟೋ ಜನರಿಗೆ ಮೊಸರು ಒಗ್ಗುತ್ತದೆ. ಮಧ್ಯಾಹ್ನ ಒಂದು ಸಣ್ಣ ಬಟ್ಟಲಿನಿಂದ ಶುರು ಮಾಡಿ. ಅನ್ನದ ಹಬೆ ಆರಿದ ಮೇಲೆ ಕಲಸಿ. ಸುಡುವ ಅನ್ನಕ್ಕೆ ಸುರಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ.

ಮಂಡಿನೋವಿಗೆ ಸುಮ್ನೆ ಮೊಸರನ್ನು ದೂರಬೇಡಿ. ಅದು ಮಂಡಿಗೆ ಮದ್ದೂ ಅಲ್ಲ ಬಿಡಿ. ಆದರೆ ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಟೊಳ್ಳಾಗುತ್ತದೆ. ಆ ವಯಸ್ಸಿನಲ್ಲಿ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350, ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. ಮುದ್ದೆ ಉಂಡು ಕೊನೆಗೆ ಗಟ್ಟಿ ಮೊಸರು ಹಾಕಿಕೊಂಡರೆ ಎರಡೂ ಸೇರುತ್ತವೆ. ನೀರು ಮಜ್ಜಿಗೆ ಬಾಯಾರಿಕೆಗೆ ಚೆನ್ನ, ಲೆಕ್ಕಕ್ಕೆ ಸಾಲದು.

ಇನ್ನೊಂದು ಅನುಮಾನ. ನಿಮ್ಮ ಕಡೆ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಅದನ್ನೇ ಕುಡಿದರೂ ಕೀಲು ಹಿಡಿದುಕೊಳ್ಳುತ್ತವೆ. ಊಟದಲ್ಲಿ ಕ್ಯಾಲ್ಸಿಯಂ ಕಮ್ಮಿಯಿದ್ದರೆ ಹಾನಿ ಇನ್ನೂ ಹೆಚ್ಚು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ಶುದ್ಧ ನೀರಿನ ಘಟಕದ ನೀರೇ ತನ್ನಿ. ಅತ್ತೆಯವರನ್ನು ಒಮ್ಮೆ ಡಾಕ್ಟರಿಗೆ ತೋರಿಸಿ.

ಮಗುವಿಗೆ ವರ್ಷ ತುಂಬುವ ತನಕ ಹಸುವಿನ ಹಾಲು ಕುಡಿಸಬೇಡಿ. ಅದರಲ್ಲಿ ಕಬ್ಬಿಣ ತೀರಾ ಕಮ್ಮಿ. ಎದೆಹಾಲೇ ಮುಂದುವರಿಯಲಿ. ಕಿವುಚಿದ ಅನ್ನಕ್ಕೆ ಎರಡು ಚಮಚ ಹೊಸ ಮೊಸರು ಕಲಸಿ ಕೊಡಬಹುದು. ಉಪ್ಪು, ಸಕ್ಕರೆ ಬೇಡ. ವರ್ಷ ಆದ ಮೇಲೂ ದಿನಕ್ಕೆ ಅರ್ಧ ಲೀಟರ್ ದಾಟಿಸಬೇಡಿ. ಹಾಲಿನಲ್ಲೇ ಹೊಟ್ಟೆ ತುಂಬಿದ ಮಗು ಊಟ ಮುಟ್ಟುವುದಿಲ್ಲ, ರಕ್ತ ಕಮ್ಮಿಯಾಗುತ್ತದೆ.

ಮಗಳದ್ದು ಮೂಳೆ ಬಲಿಯುವ ವಯಸ್ಸು. ಸರ್ಕಾರಿ ಶಾಲೆಯಾದರೆ ಕ್ಷೀರಭಾಗ್ಯದ 150 ಮಿಲಿ ಹಾಲು ಸಿಗುತ್ತಿರಬೇಕು, 2013ರಲ್ಲಿ ಶುರುವಾದ ಯೋಜನೆ ಅದು. ಅಷ್ಟೇ ಸಾಕಾಗುವುದಿಲ್ಲ, ಮನೆಯಲ್ಲೂ ಒಂದು ಲೋಟ ಕೊಡಿ.

ಇಷ್ಟಕ್ಕೆಲ್ಲಾ ಹಾಲು ಎಲ್ಲಿಂದ ಅಂತೀರಾ? ಕ್ಯಾನಿಗೆ ಸುರಿಯುವ ಮೊದಲೇ ಒಂದು ಲೀಟರ್ ತೆಗೆದಿಡಿ. ಬಿಲ್ ಸ್ವಲ್ಪ ಕಮ್ಮಿಯಾಗಲಿ. ಮೊಲೆ ಉಣಿಸುವ ನಿಮಗೂ ಅದರಲ್ಲಿ ಪಾಲಿದೆ. ಹಸಿ ಹಾಲು ಮಾತ್ರ ಯಾರಿಗೂ ಬೇಡ, ಉಕ್ಕಿಸಿಯೇ ಬಳಸಿ. ನೀವು ಕಬ್ಬಿಣದ ಮಾತ್ರೆ ನುಂಗುತ್ತಿದ್ದರೆ ಹಾಲಿಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ.